ಮೂರು ದಿನ ಕೇಳುವ ಕಿವಿ

ಪತ್ರಿಕೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗೀಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು, "ಸಾರ್, ನಿಮ್ಮ ಕಾಲದಲ್ಲಿ ನೀವು ಬರೆದ ದೊಡ್ಡ ಸುದ್ದಿ ಯಾವುದು?" ಎಂದು ಕೇಳುತ್ತಾರೆ. ದೊಡ್ಡ ಸುದ್ದಿ ನನ್ನ ಹತ್ತಿರ ಒಂದೂ ಇಲ್ಲ. ನಾನು ಹೊಟ್ಟೆ ಹೊರೆದದ್ದು ಚಿಕ್ಕ ಸುದ್ದಿಯಿಂದ. ಎಷ್ಟು ಚಿಕ್ಕದು ಎಂದರೆ ನಾಲ್ಕೇ ಸಾಲು.

ಸ್ವಾತಂತ್ರ್ಯ ಬಂದ ಮರುವರ್ಷ ಚಾಮರಾಜಪೇಟೆಯ ಒಂದು ವಾರಪತ್ರಿಕೆಗೆ ಸೇರಿದೆ. ಅದರ ಹೆಸರು ಬೇಡ, ಅದು ನಿಂತು ಬಹಳ ಕಾಲವಾಯಿತು. ನಿಂತದ್ದಕ್ಕೆ ನಾನೇ ಕಾರಣ ಎನ್ನುವವರು ಇನ್ನೂ ಇಬ್ಬರು ಬದುಕಿದ್ದಾರೆ. ಆಗ ಒಂದೊಂದು ಅಕ್ಷರವೂ ಸೀಸದ ಮೊಳೆ. ಬೆರಳಲ್ಲಿ ಆರಿಸಿ, ಸಾಲು ಕಟ್ಟಿ, ಪುಟ ಮಾಡಬೇಕು. ಏನು ಮಾಡಿದರೂ ಅಂಕಣದ ಬುಡದಲ್ಲಿ ಒಂದಿಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಆ ತೂತಿಗೆ "ನಿಮಗೆ ಗೊತ್ತೇ?" ಎಂಬ ತಲೆಬರಹ ಹಾಕಿ ಏನಾದರೊಂದು ಸೋಜಿಗದ ಸಂಗತಿ ತುರುಕುವುದು ನನ್ನ ಕೆಲಸ. ಅಪ್ಪ ವೈಯಾಲಿಕಾವಲಿನಲ್ಲಿ ಎಲ್ಲರಿಗೂ "ನಮ್ಮ ಸೀತು ಪೇಪರಿನಲ್ಲಿ ಬರೀತಾನೆ" ಎಂದು ಹೇಳಿಕೊಳ್ಳುತ್ತಿದ್ದರು. ಏನು ಬರೀತಾನೆ ಎಂದು ಯಾರಾದರೂ ಕೇಳಿದರೆ ಮಾತ್ರ ಅವರಿಗೆ ಕೆಮ್ಮು ಬರುತ್ತಿತ್ತು.

ಸಂಗತಿಗಳಿಗೆ ಆಧಾರ ಒಂದು ಇಂಗ್ಲಿಷ್ ವಿಶ್ವಕೋಶ. ಸ್ವದೇಶಕ್ಕೆ ಹೊರಟ ದಂಡಿನ ಬಿಳಿಯ ದೊರೆಯೊಬ್ಬ ಬಿಟ್ಟುಹೋದದ್ದು. ಕೊನೆಯ ಸಂಪುಟಗಳನ್ನು ಗೆದ್ದಲು ಓದಿ ಮುಗಿಸಿತ್ತು. ಹೀಗಾಗಿ ನನ್ನ ಜ್ಞಾನವೂ ಅಕ್ಷರಮಾಲೆಯ ಮುಕ್ಕಾಲು ಭಾಗದಲ್ಲಿ ನಿಲ್ಲುತ್ತಿತ್ತು. ಆಕ್ಟೋಪಸ್‌ಗೆ ಮೂರು ಹೃದಯ ಎಂದು ನಾನು ಬಲ್ಲೆ. ಜೀಬ್ರಾಕ್ಕೆ ಎಷ್ಟು ಎಂದು ಕೇಳಿದರೆ ಗೆದ್ದಲನ್ನೇ ಕೇಳಬೇಕಿತ್ತು.

ಸಂಪಾದಕರೂ ಮಾಲೀಕರೂ ಆದ ಶ್ಯಾಮರಾಯರು ಕನ್ನಡಕ ಹಾಕಿದರೆ ವಯಸ್ಸಾಯಿತೆಂದು ಒಪ್ಪಿಕೊಂಡ ಹಾಗೆ ಎಂದು ನಂಬಿದವರು. ಪ್ರೂಫನ್ನು ತೋಳುದ್ದ ದೂರ ಹಿಡಿಯುತ್ತಿದ್ದರು. ತೋಳು ಸಾಲದಾದಾಗ ನನ್ನ ಕೈಗೆ ಕೊಟ್ಟು, ಅಂಗಳದ ಆಚೆ ತುದಿಯಲ್ಲಿ ನಿಲ್ಲಿಸಿ ಓದುತ್ತಿದ್ದರು. ಇನ್ನೊಬ್ಬರು ಮೊಳೆ ಜೋಡಿಸುವ ಮುನಿಸ್ವಾಮಪ್ಪ. ಸೀಸದ ಅಕ್ಷರಗಳನ್ನು ತಲೆಕೆಳಗಾಗಿ, ತಿರುವುಮುರುವಾಗಿ ಓದಿ ಓದಿ, ನೆಟ್ಟಗಿರುವುದನ್ನು ಓದಲು ಅವರು ತುಸು ತಡವರಿಸುತ್ತಿದ್ದರು. ಮನುಷ್ಯರನ್ನೂ ಹಾಗೇ ಹಿಂದುಮುಂದಾಗಿ ಓದುತ್ತಾರೆ ಎಂಬ ಅನುಮಾನ ನನಗಿತ್ತು.

ಹೊಸಬರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮುಖಪುಟದ ಲೇಖನವನ್ನು ಯಾರೂ ಓದುವುದಿಲ್ಲ, ಮೂಲೆಯ ನಾಲ್ಕು ಸಾಲನ್ನು ಎಲ್ಲರೂ ಓದುತ್ತಾರೆ. ಇದು ನನಗೆ ಗೊತ್ತಾದದ್ದು ಒಂದು ಬೆಂಕಿಪೊಟ್ಟಣದಿಂದ. ತಲೆ ಕತ್ತರಿಸಿದರೂ ಜಿರಳೆ ದಿನಗಟ್ಟಲೆ ಬದುಕಿರುತ್ತದೆ ಎಂದು ಬರೆದಿದ್ದೆ. ಅದು ನಿಜ. ಮುಂದಿನ ವಾರ ಮಲ್ಲೇಶ್ವರದ ಒಬ್ಬ ಮೇಷ್ಟ್ರು ಆಫೀಸಿಗೆ ಪೊಟ್ಟಣ ಕಳಿಸಿದರು. ಮೇಲೆ ದುಂಡಗೆ ಬರೆದಿತ್ತು: "ಇಂದು ಬೆಳಗ್ಗೆ ತಲೆ ತೆಗೆದಿದ್ದೇನೆ. ಸತ್ತ ದಿನ ತಿಳಿಸತಕ್ಕದ್ದು." ನಾನು ಪೊಟ್ಟಣವನ್ನು ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಪ್ರೂಫ್ ತಿದ್ದುತ್ತಾ ಕೂತರೆ ಒಳಗಿನಿಂದ ಸರಸರ ಎನ್ನುತ್ತಿತ್ತು. ನಿಲ್ಲುತ್ತಿತ್ತು. ನಿಂತಿತಲ್ಲ ಎಂದು ನಾನು ಉಸಿರು ಬಿಟ್ಟ ಕೂಡಲೇ ಮತ್ತೆ ಸರಸರ. ಅದಕ್ಕೆ ಬಾಯಿಲ್ಲ, ಕಣ್ಣಿಲ್ಲ. ಆದರೂ ನಾನು ಕುರ್ಚಿಯಲ್ಲಿ ಕೂತದ್ದು ಅದಕ್ಕೆ ಹೇಗೆ ತಿಳಿಯುತ್ತಿತ್ತೋ! ಒಂಬತ್ತು ದಿನ ನಾನು ಮೇಜು ಬಿಟ್ಟು ಕಿಟಕಿಯ ಮೇಲೆ ಕೂತು ಕೆಲಸ ಮಾಡಿದೆ. ಹತ್ತನೆಯ ದಿನ ಸದ್ದು ನಿಂತಿತು. ಪೊಟ್ಟಣ ತೆರೆಯುವ ಧೈರ್ಯ ನನಗಿರಲಿಲ್ಲ. ಮುನಿಸ್ವಾಮಪ್ಪನವರು ತೆರೆದು ನೋಡಿ, ಹಿತ್ತಲಿಗೆ ಒಯ್ದರು.

ಬುದ್ಧಿಯುಳ್ಳವನಾಗಿದ್ದರೆ ಅಲ್ಲಿಗೇ ಪಾಠ ಕಲಿಯುತ್ತಿದ್ದೆ.

ಒಂದು ಮಂಗಳವಾರ ಸಂಜೆ. ಪತ್ರಿಕೆ ಬುಧವಾರ ಬೆಳಗ್ಗೆ ಹೊರಬೀಳಬೇಕು. ಮೂರನೆಯ ಪುಟದ ಬುಡದಲ್ಲಿ ಜಾಗ ಉಳಿದಿತ್ತು.

"ಸಾಮಿ, ನಾಕು ಲೈನ್ ಕೊಡಿ, ಬೇಗ!" ಎಂದು ಮುನಿಸ್ವಾಮಪ್ಪ ಒಳಗಿಂದ ಕೂಗಿದರು.

ವಿಶ್ವಕೋಶದಲ್ಲಿ ಕಿವಿಯ ಪುಟ ತೆರೆದಿತ್ತು. ಸಾಯುವ ಮನುಷ್ಯನ ಇಂದ್ರಿಯಗಳಲ್ಲಿ ಕೊನೆಗೆ ಆರುವುದು ಕಿವಿಯಂತೆ, ಹಾಗೆಂದು ವೈದ್ಯರ ಅಭಿಪ್ರಾಯ ಎಂದಿತ್ತು. ಕನ್ನಡದಲ್ಲಿ ಬರೆದು ಕೊಟ್ಟೆ.

"ಎರಡೇ ಲೈನ್ ಆಯ್ತು ಸಾಮಿ. ಇನ್ನೆರಡು?"

"ಇರೋದೇ ಅಷ್ಟು, ಮುನಿಸ್ವಾಮಪ್ಪಾ."

"ಇರೋದು ಬರೆಯೋಕೆ ನಿಮ್ಮನ್ಯಾಕೆ ಇಟ್ಕೊಂಡವ್ರೆ? ಹೂಂ, ಬೇಗ!"

ನಿಂತ ಕಾಲಲ್ಲೇ ಸೇರಿಸಿದೆ: "ಉಸಿರು ನಿಂತ ಮೇಲೂ ಮೂರು ದಿನದವರೆಗೆ ಸತ್ತವರ ಕಿವಿಗೆ ಆಪ್ತರ ದನಿ ಕೇಳಿಸುತ್ತಿರುತ್ತದೆ." ಮೂರು ಎಂಬ ಅಂಕಿ ಎಲ್ಲಿಂದ ಬಂತೋ ತಿಳಿಯದು. ಪುಟವೂ ಮೂರನೆಯದೇ ಆಗಿತ್ತು, ಅಷ್ಟೇ ಇರಬಹುದು. "ಆಪ್ತರ" ಎಂಬುದನ್ನು ಸಾಲು ತುಂಬಲೆಂದು ಹಾಕಿದ್ದೆ. ನಾಲ್ಕು ಸಾಲು ಎಷ್ಟು ಅಚ್ಚುಕಟ್ಟಾಗಿ ಕೂತವೆಂದರೆ ಮುನಿಸ್ವಾಮಪ್ಪ ಎಂದೂ ಇಲ್ಲದಂತೆ ನನ್ನನ್ನು ಹೊಗಳಿದರು.

ಮೂರನೆಯ ಪುಟದಲ್ಲಿ ಏನಿದೆ ಎಂದು ನಾನು ಕೇಳಲೇ ಇಲ್ಲ. ಅಲ್ಲಿ ಒಂದು ಲಿಂಗೈಕ್ಯದ ಪ್ರಕಟಣೆ ಇತ್ತು. ಮಾಮೂಲ್‌ಪೇಟೆಯಲ್ಲಿ ದಾರ, ಗುಂಡಿ ಮಾರುತ್ತಿದ್ದ ಚನ್ನಬಸಪ್ಪ ಎಂಬ ವರ್ತಕರು ಸೋಮವಾರ ಬೆಳಗಿನ ಜಾವ ತೀರಿಕೊಂಡಿದ್ದರು. ಅವರ ಹೆಸರಿನ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ನನ್ನ ಕಿವಿ.

ಶುಕ್ರವಾರ ಬೆಳಗ್ಗೆ ಒಬ್ಬರು ಬಂದರು. ಐವತ್ತರ ಮೇಲಿನ ವಯಸ್ಸು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಕಚ್ಚೆಪಂಚೆಯ ಮಂಡಿಯ ಹತ್ತಿರ ಕೆಂಪು ಮಣ್ಣು. ಪತ್ರಿಕೆಯನ್ನು ಎಂಟು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಿದ್ದರು.

"ಈ ಕಿವಿ ವಿಷಯ ಬರೆದೋರು ಯಾರು?"

ಹೊಗಳಲು ಬಂದಿದ್ದಾರೆ ಎಂದುಕೊಂಡೆ. ಎದ್ದು ನಿಂತು, ಅಂಗಿಯ ಕಾಲರ್ ಸರಿಮಾಡಿಕೊಂಡು, "ನಾನೇ" ಎಂದೆ. ನನ್ನ ದಡ್ಡತನಕ್ಕೆ ಒಂದು ವಿಗ್ರಹ ಮಾಡಿಸುವುದಾದರೆ ಆ ಭಂಗಿಯಲ್ಲೇ ಮಾಡಿಸಬೇಕು.

"ನಾನು ಗುರುಬಸಪ್ಪ ಅಂತ. ಮೇಲೆ ಹಾಕಿದೀರಲ್ಲ ಚನ್ನಬಸಪ್ಪ, ಅವನು ನಮ್ಮಣ್ಣ. ಒಂದು ಲೆಕ್ಕ ಕೇಳ್ಬೇಕಿತ್ತು ಸ್ವಾಮಿ. ಮೂರು ದಿನ ಅಂದ್ರೆ ಯಾವಾಗ್ಲಿಂದ? ಉಸಿರು ಹೋದಾಗ್ಲಿಂದನಾ, ಮಣ್ಣು ಮಾಡ್ದಾಗ್ಲಿಂದನಾ?"

ನಾನು ಕುರ್ಚಿ ಎಳೆದು ಅವರನ್ನು ಕೂರಿಸಿದೆ.

ಅವರೇ ಹೇಳಿದರು. ಅಣ್ಣ ತಮ್ಮ ಇಬ್ಬರದೂ ಅಕ್ಕಪಕ್ಕದ ಅಂಗಡಿ, ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದೇ ಗೋಡೆ. ಹನ್ನೊಂದು ವರ್ಷದಿಂದ ಮಾತಿಲ್ಲ. ತಾಯಿ ತೀರಿಕೊಂಡಾಗ ಗುರುಬಸಪ್ಪ ಸರಕು ತರಲು ಮದರಾಸಿಗೆ ಹೋಗಿದ್ದರು. ತಂತಿ ತಲುಪಿ ಅವರು ಬರುವಷ್ಟರಲ್ಲಿ ಅಣ್ಣ ಮಣ್ಣು ಮಾಡಿ ಮುಗಿಸಿದ್ದರು.

"ಅರ್ಧ ದಿನ ಕಾಯ್ಲಿಲ್ಲ ಅವನು. ಅವ್ವನ ಮುಖ ನೋಡ್ಲಿಲ್ಲ ನಾನು. ಆವತ್ತು ಬಾಗ್ಲಲ್ಲಿ ನಿಂತು, ನೀನು ಸತ್ರೂ ನಿನ್ನ ಮುಖ ನೋಡಲ್ಲ ಅಂದ್ಬಿಟ್ಟೆ. ಈಗ ಅವನ ಮಗಳು ದಾವಣಗೆರೆಯಿಂದ ಬರ್ಲಿ ಅಂತ ಅವನನ್ನ ಒಂದಿನ ಪೂರ್ತಿ ಇಟ್ಕೊಂಡು ಮಂಗಳವಾರ ಮಣ್ಣು ಮಾಡಿದ್ರು. ಗೋಡೆ ಈಚೆ ಕೂತಿದ್ದೆ. ಹೋಗ್ಲಿಲ್ಲ. ಆಡಿದ ಮಾತು ನೋಡಿ, ಉಳಿಸ್ಕೊಂಡೆ."

ಬುಧವಾರ ಪತ್ರಿಕೆ ನೋಡಿದರು. ಅಣ್ಣನ ಹೆಸರಿನ ಕೆಳಗೇ ಆ ಸಾಲು. ಯಾರೋ ತನಗಾಗಿಯೇ ಹೇಳಿ ಬರೆಸಿದ ಹಾಗೆ ಕಂಡಿತಂತೆ. ಆದರೂ ಒಂದು ದಿನ ಹಟ ಬಿಡಲಿಲ್ಲ. ಗುರುವಾರ ಹಾಲುತುಪ್ಪ, ಅಂದರೆ ಮಣ್ಣು ಮಾಡಿದ ಮೂರನೆಯ ದಿನ ಮನೆಯವರೆಲ್ಲ ಹೋಗಿ ಸಮಾಧಿಗೆ ಹಾಲು ತುಪ್ಪ ಬಿಡುವುದು. ಅವರೆಲ್ಲ ಹೋಗಿ ಬಂದ ಮೇಲೆ, ಮಧ್ಯಾಹ್ನ, ಇವರೊಬ್ಬರೇ ಹೋದರು.

"ಮಣ್ಣಿಗೆ ಬಾಯಿಟ್ಟು ಮಾತಾಡ್ದೆ ಸ್ವಾಮಿ. ತಪ್ಪಾಯ್ತು ಕಣಣ್ಣಾ ಅಂದೆ. ಹನ್ನೊಂದು ವರ್ಷದ್ದು ಎಲ್ಲಾ ಹೇಳ್ದೆ. ಆಮೇಲೆ ಕಿವಿ ಇಟ್ಟೆ." ಅವರು ದನಿ ತಗ್ಗಿಸಿದರು. "ಒಳಗಿಂದ ಏನೋ ಕೇಳಿಸ್ತು."

ಆಚೆ ಮೊಳೆ ಜೋಡಿಸುವ ಟಿಕ್ ಟಿಕ್ ಸದ್ದು ನಿಂತಿತ್ತು. ಮುನಿಸ್ವಾಮಪ್ಪ ಕೇಳಿಸಿಕೊಳ್ಳುತ್ತಿದ್ದರು.

"ಏನು ಕೇಳಿಸ್ತು?" ಎಂದೆ.

"ಅದು ಆಮೇಲೆ. ಮೊದ್ಲು ಲೆಕ್ಕ ಹೇಳಿ. ಉಸಿರು ಹೋಗಿದ್ದು ಸೋಮವಾರ ಬೆಳಗ್ಗೆ. ಅಲ್ಲಿಂದ ಆದ್ರೆ ಗುರುವಾರ ಬೆಳಗ್ಗೆಗೆ ಮುಗೀತು, ನಾನು ಮಧ್ಯಾಹ್ನ ಹೋಗಿದ್ದು ತಡ ಆಯ್ತು. ಮಂಗಳವಾರದಿಂದ ಆದ್ರೆ ಟೈಮಿತ್ತು. ಅವನು ಕೇಳಿಸ್ಕೊಂಡ್ನಾ ಇಲ್ವಾ, ಅಷ್ಟೇ ನನಗೆ ಬೇಕಾಗಿರೋದು."

"ಪುಸ್ತಕ ನೋಡಿ ನಾನೇ ಬಂದು ಹೇಳ್ತೀನಿ ಯಜಮಾನ್ರೇ" ಎಂದೆ. ಯಾವ ಪುಸ್ತಕ? ಗೆದ್ದಲಿಗೂ ಅಂಥ ಪುಸ್ತಕ ಸಿಕ್ಕಿರಲಿಕ್ಕಿಲ್ಲ.

ಶ್ಯಾಮರಾಯರಿಗೆ ಎಲ್ಲ ಒಪ್ಪಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಖವಾಗಿತ್ತು.

"ಬುಧವಾರ ತಪ್ಪೊಪ್ಪಿಗೆ ಹಾಕ್ತೀನಿ. ಮೂರು ದಿನ ಅನ್ನೋದು ಆಧಾರ ಇಲ್ಲದ ಮಾತು ಅಂತ. ಅವರು ಅದನ್ನ ಪೇಪರ್‌ನಲ್ಲಿ ಓದಿ ತಿಳ್ಕೋಬಾರ್ದು ಸೀತು. ಅದಕ್ಕೆ ಮುಂಚೆ ನೀನು ಹೋಗಿ, ಎದುರಿಗೆ ನಿಂತು ಹೇಳ್ಬೇಕು."

"ಹೊಡೆದ್ರೆ?"

"ಹೊಡೆಸ್ಕೊಂಡು ಬಾ."

ಮುನಿಸ್ವಾಮಪ್ಪನದು ಬೇರೆ ಮತ. "ಹೇಳ್ಬೇಡಿ ಸಾಮಿ. ಮಣ್ಣು ಮಾಡ್ದಾಗ್ಲಿಂದ ಲೆಕ್ಕ ಅಂದ್ಬುಡಿ. ಆ ಮನ್ಸ ನೆಮ್ಮದಿಯಾಗಿ ನಿದ್ದೆ ಮಾಡ್ಲಿ. ನೀವು ಇಷ್ಟು ದಿನ ಬರೆದಿದ್ದೆಲ್ಲ ಏನು ಹರಿಶ್ಚಂದ್ರನ ಮಾತಾ?"

ಮುನಿಸ್ವಾಮಪ್ಪನ ಮಾತನ್ನೇ ಹಿಡಿಯುವುದೆಂದು ತೀರ್ಮಾನಿಸಿದೆ. ಸುಳ್ಳು ಹೇಳುವುದರಲ್ಲಿ ನನಗೆ ಅನುಭವವಿತ್ತು, ಹೊಡೆಸಿಕೊಳ್ಳುವುದರಲ್ಲಿ ಇರಲಿಲ್ಲ.

ಶನಿವಾರ ಬೆಳಗ್ಗೆ ಕೆಲಸಕ್ಕೆ ಬರುವಾಗ ನಮ್ಮ ಅಚ್ಚುಕೂಟದ ಹಿಂದಿನ ಬೀದಿಯ ಒಂದು ಮನೆಯ ಮುಂದೆ ಜನ ನಿಂತಿದ್ದರು. ಬಾಗಿಲ ಬಳಿ ಮಡಕೆಯಲ್ಲಿ ಬೆಂಕಿ, ಚಟ್ಟದ ಬಿದಿರು. ಸಾವಿನ ಮನೆ ಎಂದು ಗೊತ್ತಾಯಿತು. ಆದರೆ ಅಳು ಇಲ್ಲ. ಒಂದು ಬಿಕ್ಕು ಕೂಡ ಇಲ್ಲ. ಒಳಗೆ ನಡುಮನೆಯಲ್ಲಿ ಮುದುಕಿಯೊಬ್ಬರನ್ನು ಮಲಗಿಸಿದ್ದರು. ಸುತ್ತ ಏಳೆಂಟು ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಸೊಸೆ ಎಂದು ಕಾಣುತ್ತದೆ, ಒಬ್ಬಾಕೆ ಇನ್ನೊಬ್ಬಳಿಗೆ ಕೈಸನ್ನೆಯಲ್ಲಿ ನೀರು ತರಲು ಹೇಳಿದಳು. ಆ ಇನ್ನೊಬ್ಬಳು ತುದಿಗಾಲಲ್ಲಿ ಎದ್ದುಹೋದಳು. ಪುರೋಹಿತರು ಕೂಡ ತುಟಿಯಷ್ಟೇ ಅಲ್ಲಾಡಿಸುತ್ತಿದ್ದರು. ಎಲ್ಲರ ಕಣ್ಣೂ ಸತ್ತವರ ಕಿವಿಯ ಮೇಲೆ.

ಪಕ್ಕದಲ್ಲಿ ನಿಂತಿದ್ದವರನ್ನು ಕೇಳಿದೆ. ಅವರು ನನ್ನ ಭುಜ ಹಿಡಿದು ಬೀದಿಯ ಆಚೆ ಬದಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ಪೇಪರ್‌ನಲ್ಲಿ ಬಂದಿದೆ ಕಣ್ರೀ, ನೀವು ನೋಡ್ಲಿಲ್ವಾ? ಮೂರು ದಿನ ಕೇಳ್ಸುತ್ತಂತೆ. ಅತ್ತೆ ಸೊಸೆ ಆಗ್ತಿರ್ಲಿಲ್ಲ ನೋಡಿ. ಬಾಯಿ ತಪ್ಪಿ ಏನಾದ್ರೂ ಅಂದ್ಬಿಟ್ರೆ ಅಂತ ಭಯ."

ಹಾಡಹಗಲು, ರಸ್ತೆಯಲ್ಲಿ ಎಳೆಬಿಸಿಲು. ನನ್ನ ಬೆನ್ನ ಹುರಿಯಲ್ಲಿ ಯಾರೋ ತಣ್ಣಗಿನ ಬೆರಳು ಎಳೆದ ಹಾಗಾಯಿತು. ತಾಯಿಗಾಗಿ ಅಳಲಾರದೆ ಕೂತ ಆ ಮನೆಯ ಹೆಣ್ಣುಮಕ್ಕಳ ಗಂಟಲಲ್ಲಿ ನನ್ನ ಎರಡು ಸಾಲು ಸಿಕ್ಕಿಕೊಂಡಿತ್ತು. ನಾನು ಆಫೀಸಿಗೆ ಹೋಗಲಿಲ್ಲ. ಅಲ್ಲಿಂದಲೇ ಮಾಮೂಲ್‌ಪೇಟೆಗೆ ನಡೆದೆ. ಸುಳ್ಳು ಹೇಳುವ ತೀರ್ಮಾನ ದಾರಿಯಲ್ಲೇ ಎಲ್ಲೋ ಉದುರಿಹೋಗಿತ್ತು.

ಗುರುಬಸಪ್ಪನವರ ಅಂಗಡಿ ತೆರೆದಿತ್ತು. ಪಕ್ಕದ್ದು ಮುಚ್ಚಿತ್ತು. ಅವರು ನನ್ನ ಮುಖ ನೋಡಿದ್ದೇ ಎದ್ದು ನಿಂತರು.

"ಇಲ್ಲಿ ಬೇಡ. ಏನಿದ್ರೂ ಅವನ ಎದುರಿಗೇ ಹೇಳಿ."

ನಾನು ಬಾಯಿ ತೆರೆಯುವ ಮೊದಲೇ ಜಟಕಾ ಕರೆದರು. ದಾರಿಯುದ್ದಕ್ಕೂ ನಾನು ಮೂರು ಸಲ ಶುರುಮಾಡಿದೆ. ಮೂರು ಸಲವೂ ಅವರು ಕೈ ಎತ್ತಿ ತಡೆದರು.

ಜಟಕಾ ನಿಂತದ್ದು ಅವರ ಜನದ ರುದ್ರಭೂಮಿಯ ಮುಂದೆ. ನಮ್ಮ ಪೈಕಿ ಸುಡುವುದು. ಹೂಳುವ ಜಾಗಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು. ಹುಣಿಸೆಮರದ ನೆರಳು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಹೊಸ ಸಮಾಧಿಯ ಮೇಲೆ ಹಾಲು ತುಪ್ಪದ ಕಲೆ, ಒಣಗಿದ ಬಿಲ್ವಪತ್ರೆ. ಗುರುಬಸಪ್ಪ ತಣ್ಣಗೆ ವಿವರಿಸಿದರು. "ನಮ್ಮಲ್ಲಿ ಮಲಗಿಸಲ್ಲ ಸ್ವಾಮಿ. ಗೂಡು ತೋಡಿ ಒಳಗೆ ಕೂರಿಸ್ತೀವಿ. ಕೈಯಲ್ಲಿ ಲಿಂಗ. ಸುತ್ತ ವಿಭೂತಿ, ಉಪ್ಪು, ಪತ್ರೆ. ಇಲ್ಲೇ ಕೂತಿದಾನೆ, ನೋಡಿ. ನಿಮ್ಮ ಎದುರಿಗೇ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಲಗಿದ ಹೆಣ ಒಂದು ಬಗೆ. ನಮ್ಮ ಹಾಗೇ ಬೆನ್ನು ನೆಟ್ಟಗೆ ಮಾಡಿ ಕೂತು, ತಲೆಯ ಮೇಲೆ ಮಣ್ಣು ಹೊದ್ದು, ಆಲಿಸುತ್ತಿರುವುದು ಇನ್ನೊಂದು ಬಗೆ.

"ಹೇಳಿ ಈಗ. ಯಾವ ಲೆಕ್ಕ?"

"ಯಾವ ಲೆಕ್ಕಾನೂ ಇಲ್ಲ ಯಜಮಾನ್ರೇ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಸಾಯೋವಾಗ ಕಿವಿ ಕೊನೆಗೆ ಹೋಗುತ್ತೆ ಅಂತ ಪುಸ್ತಕದಲ್ಲಿತ್ತು, ಅಷ್ಟೇ. ಮೂರು ದಿನ ಅನ್ನೋದು ನಾನು ಕಟ್ಟಿದ್ದು. ಎರಡು ಸಾಲು ಸಾಲ್ದೆ ಬಂತು, ಅದಕ್ಕೆ ಬರೆದೆ. ನಿಮ್ಮಣ್ಣನವರ ಹೆಸರಿನ ಕೆಳಗೆ ಬರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಹೊಡೆತಕ್ಕೆ ಕಣ್ಣು ಮುಚ್ಚಿ ನಿಂತೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವರು ನೆಲ ನೋಡುತ್ತಾ ನಿಂತಿದ್ದರು. ಮುಖ ಮಾತ್ರ ಒಮ್ಮೆಗೇ ಮುದಿಯಾಗಿತ್ತು.

"ಎರಡು ಸಾಲು ಸಾಲ್ದೆ ಬಂತು" ಎಂದರು. ಆಮೇಲೆ, "ಹಂಗಾದ್ರೆ ನಾನು ಬರೀ ಮಣ್ಣಿಗೆ ಹೇಳ್ದೆ."

ಅವರು ಸಮಾಧಿಯತ್ತ ಬೆರಳು ತೋರಿಸಿದರು.

"ಬಗ್ಗಿ" ಎಂದರು.

"ಏನು?"

"ಅವನ ಹೆಸರಿನ ಕೆಳಗೆ ಸುಳ್ಳು ಬರೆದೋರು ನೀವು. ತಪ್ಪಾಯ್ತು ಅಂತ ನನಗಲ್ಲ, ಅವನಿಗೆ ಹೇಳಿ. ಬಗ್ಗಿ."

ಮಂಡಿಯೂರಿದೆ. ಮಣ್ಣಿಗೆ ಹುಳಿಹಾಲಿನ ವಾಸನೆ ಇತ್ತು. ಬಾಯಿ ಹತ್ತಿರ ಒಯ್ದು, "ಚನ್ನಬಸಪ್ಪನೋರೇ, ತಪ್ಪಾಯ್ತು" ಎಂದೆ. ಹೇಳುವಾಗ ನಗು ಬರುತ್ತದೇನೋ ಎಂದು ಹೆದರಿದ್ದೆ. ಅಂಥ ಪ್ರಾಣಿ ನಾನು. ಬರಲಿಲ್ಲ.

"ಈಗ ಕಿವಿ ಇಡಿ."

ಇಟ್ಟೆ. ಮೊದಲು ನನ್ನ ಎದೆಬಡಿತವೇ ಕೇಳಿಸಿತು. ಆಮೇಲೆ ಅದೂ ಹಿಂದೆ ಸರಿಯಿತು. ಕೆನ್ನೆಯ ಕೆಳಗೆ ಮಣ್ಣು ತಣ್ಣಗಿತ್ತು. ಎಷ್ಟು ಹೊತ್ತೋ ಏನೂ ಇಲ್ಲ. ಇನ್ನೇನು ಏಳಬೇಕು, ಆಗ, ಕೆಳಗೆ, ನನ್ನ ಕಿವಿಯಿಂದ ಒಂದು ಮೊಳವಷ್ಟೇ ದೂರದಲ್ಲಿ, ಗಂಟಲಿನ ತಳದಿಂದ ಬಂದ ಹಾಗೆ, ತುಟಿ ತೆರೆಯದೆ ಯಾರೋ ಅಂದ ಹಾಗೆ, ಒಂದು ಸದ್ದು ಬಂತು. ಒಮ್ಮೆ ಮಾತ್ರ.

ನಾನು ಹಿಂದಕ್ಕೆ ಬಿದ್ದೆ. ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ. ಗುರುಬಸಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನು ಕೇಳಿಸ್ತು? ಈಗಲಾದ್ರೂ ಕಟ್ಟಬೇಡಿ, ಇದ್ದದ್ದು ಹೇಳಿ."

"ಹೂಂ ಅಂದ ಹಾಗೆ ಕೇಳಿಸ್ತು" ಎಂದೆ.

"ನನಗೂ ಗುರುವಾರ ಅದೇ ಕೇಳಿಸಿದ್ದು."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಇದ್ದದ್ದು ಹೇಳಿ ಎಂದಿದ್ದರಲ್ಲ. ಮಿಕ್ಕದ್ದನ್ನೂ ಹೇಳಿದೆ. "ಯಜಮಾನ್ರೇ, ಒಳಗೆ ಗೂಡಿದೆ, ಉಪ್ಪು, ವಿಭೂತಿ ತುಂಬಿದೀರಿ. ಅದು ಕುಸಿದು ಮಣ್ಣು ಕೆಳಗೆ ಇಳಿಯೋವಾಗಲೂ ಹಂಗೇ ಸದ್ದು ಬರ್ಬೋದು. ನೋಡಿ, ಈ ಪಕ್ಕ ಆಗಲೇ ಒಂದು ಬೆರಳಷ್ಟು ತಗ್ಗಾಗಿದೆ."

ಗುರುಬಸಪ್ಪ ಆ ತಗ್ಗನ್ನು ನೋಡಿದರು. ಕೂತು, ಅಂಗೈಯಿಂದ ಒಂದು ಹಿಡಿ ಮಣ್ಣು ತೆಗೆದು ಅದರ ಮೇಲೆ ಹಾಕಿ, ನಿಧಾನವಾಗಿ ಸವರಿ ಸಮ ಮಾಡಿದರು.

"ಮಣ್ಣೇ ಇರ್ಲಿ ಬಿಡಿ ಸ್ವಾಮಿ" ಎಂದರು. "ಹನ್ನೊಂದು ವರ್ಷ ಗೋಡೆ ಆಚೆ ಬದುಕಿದ್ದಾಗ, ಅಷ್ಟೂ ಅಂದಿರ್ಲಿಲ್ಲ ಅವನು."